ಉಬ್ಬರ ಬಂದಾಗ ನೈಟ್ರೇಟ್ ಏರುತ್ತಿದ್ದರೆ: ನೀರಲ್ಲೇ ಇಟ್ಟ ಸೆನ್ಸರ್‌ನ ತಪ್ಪು ಹುಡುಕುವ ಬಗೆ

ಏಪ್ರಿಲ್ ತಿಂಗಳು, ಗೋವಾದ ಮಾಂಡೋವಿ ನದಿ, ರಿಬಂದರ್ ಕಡೆಯ ಒಂದು ಜೆಟ್ಟಿ. ಇಳಿತದಲ್ಲೂ ಒಂದು ಮೀಟರ್ ನೀರಿನ ಕೆಳಗೇ ಇರುವ ಹಾಗೆ ನೈಟ್ರೇಟ್ ಸೆನ್ಸರ್ ಕಟ್ಟಿದ್ದೆವು. ಮಾರ್ಚ್‌ನಲ್ಲಿ ಅದು ಲೀಟರ್‌ಗೆ 2ರಿಂದ 3 ಮೈಕ್ರೋಮೋಲ್ ತೋರಿಸುತ್ತಿತ್ತು. ಮೂರು ವಾರ ಕಳೆಯುವಷ್ಟರಲ್ಲಿ 7, 8 ಆಯಿತು. ಗ್ರಾಫ್ ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಮೇಲ್ಗಡೆ ಎಲ್ಲೋ ಕೊಳಚೆ ನೀರು ಬಿಡ್ತಿದ್ದಾರೆ.

ನನಗೆ ಒಂದು ವಿಷಯ ಸರಿ ಬರಲಿಲ್ಲ. ಕೊಳಚೆ ಮೇಲಿಂದ ಬರುವುದಾದರೆ ಇಳಿತದ ಹೊತ್ತಿಗೆ ನೈಟ್ರೇಟ್ ಏರಬೇಕು, ಸಮುದ್ರದ ನೀರು ಒಳಗೆ ನುಗ್ಗುವ ಉಬ್ಬರದಲ್ಲಿ ಇಳಿಯಬೇಕು, ಅಲ್ವಾ? ನಮ್ಮದು ಉಲ್ಟಾ ಆಗಿತ್ತು. ಇಳಿತದಲ್ಲಿ 7ರ ಆಸುಪಾಸು, ಉಬ್ಬರದಲ್ಲಿ 8 ದಾಟುತ್ತಿತ್ತು.

ಈ ನದಿ ನಮ್ಮ ಕಡೆಯವರಿಗೆ ಮಹದಾಯಿ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಲ್ಲಿ ಹುಟ್ಟಿ, ಇಲ್ಲಿ ಮಾಂಡೋವಿ ಅನ್ನಿಸಿಕೊಂಡು ಸಮುದ್ರ ಸೇರುತ್ತದೆ. ಇದರ ನೀರಿನ ಬಗ್ಗೆ ಎರಡೂ ರಾಜ್ಯಗಳಲ್ಲಿ ಮೊದಲೇ ಮಾತು ಬಿಸಿಯಾಗಿದೆ. ಅಂಥದ್ದರಲ್ಲಿ ಒಂದು ತಪ್ಪು ಅಂಕಿ ಹೊರಗೆ ಹೋದರೆ ಯಾರ ಮೇಲೋ ಗೂಬೆ ಕೂರುತ್ತದೆ, ಆಮೇಲೆ ಅದನ್ನು ಇಳಿಸುವುದು ಕಷ್ಟ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ. ನದಿ, ಕೆರೆ, ಅಳಿವೆಯಲ್ಲಿ ಸೆನ್ಸರ್ ಇಟ್ಟು ನೈಟ್ರೇಟ್, ಫಾಸ್ಫೇಟ್ ಅಳೆಯುವವರಿಗೆ ಇದು ಕೆಲಸಕ್ಕೆ ಬರಬಹುದು.

ಮೊದಲು ಕೈ ಕಟ್ಟಿಕೊಳ್ಳಿ

ರೀಡಿಂಗ್ ಹದ ತಪ್ಪಿದೆ ಅನ್ನಿಸಿದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಸೆನ್ಸರ್ ಎತ್ತಿ ಗಾಜನ್ನು ಒರೆಸುವುದು. ದಯವಿಟ್ಟು ಮಾಡಬೇಡಿ. ಒರೆಸಿದ ಕ್ಷಣಕ್ಕೆ ನಿಮ್ಮ ಸಾಕ್ಷಿ ಹೋಯಿತು. ಮೂರು ವಾರದ ಡೇಟಾದಲ್ಲಿ ಎಷ್ಟು ಪಾಲು ಗಾಜಿನ ಮೇಲೆ ಬೆಳೆದ ಲೋಳೆಯ ತಪ್ಪು, ಎಷ್ಟು ಪಾಲು ಉಪಕರಣದ ತಪ್ಪು, ಎಷ್ಟು ನಿಜ ಅಂತ ಮತ್ತೆಂದೂ ಗೊತ್ತಾಗುವುದಿಲ್ಲ.

ನಮ್ಮ ದೋಣಿ ನಡೆಸುವವರು ಬಾದಾಮಿ ಕಡೆಯವರು, ವಾಸ್ಕೋದಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. ಸೆನ್ಸರ್ ಮೇಲೆ ಬಂದ ಕೂಡಲೇ ಬಟ್ಟೆ ತಗೊಂಡು, "ಅಕ್ಕಾರ, ಒರಸಲೇನ್ರಿ?" ಅಂದರು. "ಬ್ಯಾಡ್ರಿ ಕಾಕಾ, ಮೊದಲ ಓದ್ಕೊಳ್ಳೂಣು" ಅಂದೆ. ಈಗ ಅವರೇ ಬೇರೆಯವರಿಗೆ ಬಟ್ಟೆ ಮುಟ್ಟಲು ಬಿಡುವುದಿಲ್ಲ.

ಮಾಡಬೇಕಾದ್ದು ಇಷ್ಟು. ಒಂದು ದೊಡ್ಡ ಬಕೆಟ್‌ನಲ್ಲಿ ಅದೇ ಜಾಗದ ನೀರು ತುಂಬಿ, ನೆರಳಲ್ಲಿ ಇಡಿ. ಸೆನ್ಸರ್ ಹೇಗಿದೆಯೋ ಹಾಗೇ, ಲೋಳೆ ಸಮೇತ, ಅದರಲ್ಲಿ ಮುಳುಗಿಸಿ ಹತ್ತಿಪ್ಪತ್ತು ರೀಡಿಂಗ್ ತಗೊಳ್ಳಿ. ಫೋಟೋ ತೆಗೆಯಿರಿ. ಆಮೇಲೆ ಒರೆಸಿ, ತೊಳೆದು, ಅದೇ ಬಕೆಟ್‌ನಲ್ಲಿ ಮತ್ತೆ ಓದಿ. ಈ ಎರಡರ ನಡುವಿನ ವ್ಯತ್ಯಾಸ ಲೋಳೆಯದ್ದು. ನಂತರ ಅತಿ ಶುದ್ಧ ಡಿಐ ನೀರಲ್ಲಿ (ಅಯಾನುಗಳನ್ನು ತೆಗೆದ ಲ್ಯಾಬ್ ನೀರು) ಓದಿ, ಸೊನ್ನೆಗೆ ಎಷ್ಟು ದೂರ ಇದೆ ನೋಡಿ. ಕೊನೆಗೆ ಗೊತ್ತಿರುವ ಸಾಂದ್ರತೆಯ ಒಂದು ಸ್ಟ್ಯಾಂಡರ್ಡ್‌ನಲ್ಲಿ ಓದಿ. ಇವೆರಡರಲ್ಲಿ ತಪ್ಪಿದ್ದರೆ ಅದು ಉಪಕರಣದ ಜಾರುವಿಕೆ. ಬಕೆಟ್ ಕೆಲಸ ಬೇಗ ಮುಗಿಸಿ, ಬಿಸಿಲಲ್ಲಿ ಅರ್ಧ ಗಂಟೆ ಬಿಟ್ಟ ನೀರು ಅದೇ ನೀರಾಗಿ ಉಳಿಯುವುದಿಲ್ಲ. ಇದೇ ಹೊತ್ತಿಗೆ ಸೆನ್ಸರ್ ಇದ್ದ ಆಳದಿಂದಲೇ ಒಂದು ಬಾಟ್ಲಿ ನೀರನ್ನೂ ಲ್ಯಾಬ್‌ಗೆ ಹಿಡಿಯಿರಿ.

ನಮ್ಮ ಕೇಸ್‌ನಲ್ಲಿ ಏನಾಯಿತು? ಒರೆಸುವ ಮೊದಲು 8.1, ಒರೆಸಿದ ಮೇಲೆ 7.9. ಡಿಐ ನೀರಲ್ಲಿ 0.2. ಸ್ಟ್ಯಾಂಡರ್ಡ್ 20 ಇಟ್ಟರೆ 19.8. ಅಂದರೆ ನೈಟ್ರೇಟ್ ಸೆನ್ಸರ್ ಚೆನ್ನಾಗಿಯೇ ಇದೆ! ಆದರೆ ಬಾಟ್ಲಿ ನೀರಿಗೆ ಲ್ಯಾಬ್ ಕೊಟ್ಟ ಉತ್ತರ 2.1. ಇಲ್ಲಿಂದ ನಿಜವಾದ ಹುಡುಕಾಟ ಶುರು.

ಉಪ್ಪು ಎಲ್ಲಿ ನುಸುಳುತ್ತದೆ

ಇದನ್ನು ಅರ್ಥ ಮಾಡಿಕೊಳ್ಳಲು ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ನೈಟ್ರೇಟ್ ಅಯಾನು ಯುವಿ (ಅತಿನೇರಳೆ) ಬೆಳಕನ್ನು ಹೀರುತ್ತದೆ, ಮುಖ್ಯವಾಗಿ 240 ನ್ಯಾನೋಮೀಟರ್‌ಗಿಂತ ಕೆಳಗೆ. ಒಂದು ಡ್ಯೂಟೀರಿಯಂ ದೀಪ, ಒಂದು ಸೆಂಟಿಮೀಟರ್ ನೀರಿನ ಕಿಂಡಿ, ಆಚೆ ಕಡೆ ಸ್ಪೆಕ್ಟ್ರೋಮೀಟರ್, ಅಂದರೆ ಯಾವ ತರಂಗಾಂತರದ ಬೆಳಕು ಎಷ್ಟು ಬಂತು ಅಂತ ಬಿಡಿಸಿ ಅಳೆಯುವ ಸಾಧನ. ರಾಸಾಯನಿಕ ಬೇಕಿಲ್ಲ, ಪಂಪ್ ಬೇಕಿಲ್ಲ. ಸಮುದ್ರದಲ್ಲಿ ತಿಂಗಳುಗಟ್ಟಲೆ ಇಡಬಹುದಾದ ಇಂಥ ಉಪಕರಣವನ್ನು ಅಮೆರಿಕದ ಮಾಂಟೆರೆ ಕೊಲ್ಲಿಯ ಸಂಶೋಧಕರು 2002ರಲ್ಲಿ ಪ್ರಕಟಿಸಿದರು. ಈಗ ಸಮುದ್ರದಲ್ಲಿ ತೇಲುವ ಆರ್ಗೋ ಫ್ಲೋಟ್‌ಗಳಲ್ಲೂ ಅದೇ ತತ್ವ.

ತೊಂದರೆ ಏನೆಂದರೆ, ಅದೇ ತರಂಗಾಂತರಗಳಲ್ಲಿ ಸಮುದ್ರದ ಉಪ್ಪಿನಲ್ಲಿರುವ ಬ್ರೋಮೈಡ್ ಕೂಡ ಬೆಳಕು ಹೀರುತ್ತದೆ. ಸಮುದ್ರದ ನೀರಲ್ಲಿ, ಲವಣಾಂಶ 35 (ಕಿಲೋ ನೀರಿಗೆ ಸುಮಾರು 35 ಗ್ರಾಂ ಉಪ್ಪು) ಇದ್ದರೆ, ಬ್ರೋಮೈಡ್ ಸುಮಾರು 840 ಮೈಕ್ರೋಮೋಲ್. ನಾವು ಹುಡುಕುತ್ತಿರುವುದು 2 ಮೈಕ್ರೋಮೋಲ್ ನೈಟ್ರೇಟ್. ಜಾತ್ರೆಯ ಗದ್ದಲದಲ್ಲಿ ಒಂದು ಮಗುವಿನ ದನಿ ಕೇಳಿಸಿಕೊಂಡ ಹಾಗೆ. ಇಷ್ಟಕ್ಕೇ ಮುಗಿಯಲಿಲ್ಲ, ಬ್ರೋಮೈಡ್ ಹೀರುವ ಪ್ರಮಾಣ ನೀರಿನ ಬಿಸಿಯ ಮೇಲೂ ಬದಲಾಗುತ್ತದೆ. ಅದಕ್ಕಾಗಿ 2009ರಲ್ಲಿ ಒಂದು ತಿದ್ದುಪಡಿ ಬಂತು: ಪಕ್ಕದಲ್ಲಿ ಇನ್ನೊಂದು ಸೆನ್ಸರ್‌ನಿಂದ ಲವಣಾಂಶ ಮತ್ತು ತಾಪಮಾನ ತಗೊಂಡು, ಬ್ರೋಮೈಡ್ ಎಷ್ಟು ಹೀರಿರಬೇಕು ಅಂತ ಲೆಕ್ಕ ಹಾಕಿ, ಅದನ್ನು ಕಳೆದು, ಉಳಿದದ್ದರಲ್ಲಿ ನೈಟ್ರೇಟ್ ಹುಡುಕುವುದು. ಬಹಳ ಒಳ್ಳೆಯ ದಾರಿ. ಆದರೆ ಇದಾದ ಮೇಲೆ ನಿಮ್ಮ ನೈಟ್ರೇಟ್‌ನ ಸತ್ಯ ಪಕ್ಕದ ಲವಣಾಂಶದ ಸೆನ್ಸರ್ ಕೈಯಲ್ಲಿದೆ.

ಅದು ಉಪ್ಪನ್ನು ಕಡಿಮೆ ತೋರಿಸಿದರೆ? ಲೆಕ್ಕದಲ್ಲಿ ಬ್ರೋಮೈಡ್ ಪೂರ್ತಿ ಕಳೆಯುವುದಿಲ್ಲ. ಉಳಿದ ಬ್ರೋಮೈಡ್ ನೈಟ್ರೇಟ್ ವೇಷ ಹಾಕಿಕೊಂಡು ಬರುತ್ತದೆ. ನೀರು ಉಪ್ಪಾದಷ್ಟೂ ತಪ್ಪು ಜಾಸ್ತಿ. ಅದಕ್ಕೇ ಉಬ್ಬರದಲ್ಲಿ ರೀಡಿಂಗ್ ಏರುತ್ತಿತ್ತು.

ಲವಣಾಂಶದ ಫೈಲ್ ಬೇರೆ ಲಾಗರ್‌ನಲ್ಲಿತ್ತು, ಯಾರೂ ತೆಗೆದು ನೋಡಿರಲಿಲ್ಲ. ತೆಗೆದರೆ, ಮೂರು ವಾರದಲ್ಲಿ ಉಬ್ಬರದ ಲವಣಾಂಶ 32ರಿಂದ 17ಕ್ಕೆ ನಿಧಾನವಾಗಿ ಜಾರಿತ್ತು. ಏಪ್ರಿಲ್‌ನಲ್ಲಿ, ಒಂದು ಹನಿ ಮಳೆ ಇಲ್ಲದೆ, ಸಮುದ್ರದ ಬಾಯಲ್ಲಿರುವ ನದಿ ಸಿಹಿಯಾಗುವುದು ಹೇಗೆ? ಉಪ್ಪು ಅಳೆಯುವ ಕೈ ರಿಫ್ರಾಕ್ಟೋಮೀಟರ್ ಮೇಲೆ ಎರಡು ಹನಿ ಹಾಕಿ ಬೆಳಕಿಗೆ ಹಿಡಿದೆ. 32.

ಆಗ ಕಾಕಾ ಲವಣಾಂಶದ ಸೆನ್ಸರನ್ನು ಕಣ್ಣ ಹತ್ತಿರ ಹಿಡಿದು, "ಅಕ್ಕಾರ, ಈ ಕೊಳವ್ಯಾಗ ಏನೋ ಕುಂತೈತ್ರಿ" ಅಂದರು. ಕಿರುಬೆರಳು ಕೂಡ ಹೋಗದಷ್ಟು ಸಣ್ಣ ಗಾಜಿನ ಕೊಳವೆ. ಅದರ ಬಾಯಿಂದ ಒಳಗೆ ಒಂದು ಇಂಚು ದೂರದಲ್ಲಿ ತೊಗರಿ ಬೇಳೆ ಗಾತ್ರದ ಬಾರ್ನಕಲ್ (ಬಂಡೆ, ದೋಣಿಗೆ ಅಂಟಿಕೊಂಡು ಬೆಳೆಯುವ ಚಿಪ್ಪಿನ ಜೀವಿ), ಬಿಳೀ ಚಿಪ್ಪು, ಅದರ ಸುತ್ತ ಕಂದು ಲೋಳೆ, ಲೋಳೆಯಲ್ಲಿ ಸಿಕ್ಕಿಕೊಂಡ ಸಣ್ಣ ಮರಳು. ಟಾರ್ಚ್ ಬಿಟ್ಟಾಗ ಚಿಪ್ಪು ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು. ಕೊಳವೆಯ ಅರ್ಧ ಜಾಗ ಅದೇ ತುಂಬಿಕೊಂಡಿತ್ತು. ಈ ಸೆನ್ಸರ್ ಕೊಳವೆಯ ನೀರಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ, ಅಂದರೆ ವಾಹಕತೆ ನೋಡಿ ಉಪ್ಪಿನ ಲೆಕ್ಕ ಹಾಕುತ್ತದೆ. ವಿದ್ಯುತ್ ಹರಿಯಲು ನೀರಿನ ಜಾಗ ಕಡಿಮೆ ಆದರೆ ವಾಹಕತೆ ಕಡಿಮೆ ಕಾಣುತ್ತದೆ, ವಾಹಕತೆ ಕಡಿಮೆ ಕಂಡರೆ ಲವಣಾಂಶ ಕಡಿಮೆ, ಲವಣಾಂಶ ಕಡಿಮೆ ಆದರೆ ನೈಟ್ರೇಟ್ ಜಾಸ್ತಿ. ಮೂರು ವಾರದ ಕೊಳಚೆಯ ಕಥೆ ಇಷ್ಟೇ.

ನಿಮ್ಮಲ್ಲಿ ಇದೇ ತಪ್ಪು ಇದೆಯಾ ಅಂತ ನೀರಿಗೆ ಇಳಿಯದೆ, ಕುರ್ಚಿಯಲ್ಲೇ ಕೂತು ನೋಡಲು ಒಂದು ದಾರಿ ಇದೆ. ಉಳಿಸಿಟ್ಟ ಸ್ಪೆಕ್ಟ್ರಮ್ ಫೈಲನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕಿ. ಒಮ್ಮೆ ಹೊರಗಿನ ಲವಣಾಂಶ ಕೊಟ್ಟು. ಇನ್ನೊಮ್ಮೆ ಲವಣಾಂಶ ಕೊಡದೆ, ಬ್ರೋಮೈಡ್ ಎಷ್ಟಿದೆ ಅಂತ ಸಾಫ್ಟ್‌ವೇರ್ ತಾನೇ ಹುಡುಕಿಕೊಳ್ಳಲು ಬಿಟ್ಟು. ಎರಡನೆಯದು ಅಷ್ಟು ನಿಖರ ಅಲ್ಲ, ಆದರೆ ಒಳ್ಳೆಯ ಸಾಕ್ಷಿ. ಎರಡೂ ಹತ್ತಿರ ಬಂದರೆ ಲವಣಾಂಶ ಸರಿ ಇದೆ. ಒಂದು 8, ಇನ್ನೊಂದು 2 ಬಂದರೆ ಪಕ್ಕದ ಸೆನ್ಸರನ್ನು ಹಿಡಿಯಿರಿ. ಜೊತೆಗೆ ಫಿಟ್‌ನ ಉಳಿಕೆ ದೋಷ, ಅಂದರೆ ಆರ್‌ಎಂಎಸ್ ದೋಷದ ಕಾಲಂ ನೋಡಿ. ಲೆಕ್ಕದ ರೇಖೆ ಅಳೆದ ಸ್ಪೆಕ್ಟ್ರಮ್‌ಗೆ ಎಷ್ಟು ಹೊಂದಲಿಲ್ಲ ಅನ್ನುವುದೇ ಅದು. ನಮ್ಮ ಫೈಲ್‌ನಲ್ಲಿ ನೈಟ್ರೇಟ್ ಏರಿದ ದಿನದಿಂದಲೇ ಅದೂ ಏರಿತ್ತು. ಆ ಕಾಲಂ ನೋಡದೆ ನೈಟ್ರೇಟ್ ಕಾಲಂ ಒಂದನ್ನೇ ನೋಡುವ ಅಭ್ಯಾಸವನ್ನು ಇವತ್ತೇ ಬಿಡಿ.

ಆದರೆ ಮೊದಲು ಗಡಿಯಾರ

ಉಬ್ಬರ-ಇಳಿತ ಉಲ್ಟಾ ಕಂಡಾಗ ಬ್ರೋಮೈಡ್‌ಗಿಂತ ಮೊದಲು ನೋಡಬೇಕಾದದ್ದು ಗಡಿಯಾರ. ಅದು ಐದು ನಿಮಿಷದ ಕೆಲಸ. ಸೆನ್ಸರ್ ಯುಟಿಸಿ (ಜಗತ್ತಿನ ಮಾನಕ ಸಮಯ) ಲೆಕ್ಕದಲ್ಲಿ ಬರೆಯುತ್ತದೆ, ಲ್ಯಾಪ್‌ಟಾಪ್ ನಮ್ಮ ಸಮಯದಲ್ಲಿ. ವ್ಯತ್ಯಾಸ ಐದೂವರೆ ಗಂಟೆ. ಗೋವಾದಲ್ಲಿ ದಿನಕ್ಕೆ ಎರಡು ಉಬ್ಬರ, ಒಂದರಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಅಂದರೆ ಐದೂವರೆ ಗಂಟೆ ಸರಿದರೆ ಹೆಚ್ಚುಕಡಿಮೆ ಅರ್ಧ ಸುತ್ತು ಸರಿದ ಹಾಗೆ, ಉಬ್ಬರ ಇಳಿತವಾಗಿ ಕಾಣುತ್ತದೆ! ಯುಟಿಸಿಗೆ ಒಂದು ಗಂಟೆಯಷ್ಟೇ ವ್ಯತ್ಯಾಸ ಇರುವ ದೇಶದಲ್ಲಿ ಈ ತಪ್ಪು ಮಾಡಿದರೆ ಗ್ರಾಫ್ ಸ್ವಲ್ಪ ಸೊಟ್ಟಗಾಗುತ್ತದೆ, ನಮ್ಮಲ್ಲಿ ತಲೆಕೆಳಗಾಗುತ್ತದೆ. ಸೆನ್ಸರ್ ಪಕ್ಕದಲ್ಲಿ ಒತ್ತಡದ ಸೆನ್ಸರ್ ಇದ್ದರೆ ಅದೇ ಫೈಲ್‌ನ ಆಳವನ್ನೇ ಹೋಲಿಸಿ, ಉಬ್ಬರದ ಪಂಚಾಂಗದ ಜೊತೆ ಅಲ್ಲ.

ನಿಧಾನಕ್ಕೆ ಏರುವುದು, ನಿಧಾನಕ್ಕೆ ಇಳಿಯುವುದು

ದಿನದಿಂದ ದಿನಕ್ಕೆ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಸಾಮಾನ್ಯವಾಗಿ ಕಿಂಡಿಯ ಗಾಜಿನ ಮೇಲೆ ಲೋಳೆ. ಇಲ್ಲಿನ ಬೆಚ್ಚಗಿನ ನೀರಲ್ಲಿ, ಬೇಸಿಗೆಯಲ್ಲಿ, ಒಂದು ವಾರ ಸಾಕು. ತಾಮ್ರದ ಜಾಲರಿ ಹಾಕಿ, ವೈಪರ್ ಇದ್ದರೆ ಅದರ ಬ್ರಶ್ ಸವೆದಿದೆಯಾ ನೋಡಿ. ಸವೆದ ಬ್ರಶ್ ಲೋಳೆಯನ್ನು ತೆಗೆಯುವುದಿಲ್ಲ, ಗಾಜಿಗೆ ಸಮನಾಗಿ ಹಚ್ಚುತ್ತದೆ. ಆಗ ಗ್ರಾಫ್ ನುಣುಪಾಗೇ ಇರುತ್ತದೆ, ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಇದು ಮೋಸ ಹೋಗುವ ಜಾಗ.

ದೀಪದ ವಿಷಯ ಬೇರೆ. ನಮ್ಮ ಸೆನ್ಸರ್‌ನ ದೀಪಕ್ಕೆ ಸುಮಾರು 900 ಗಂಟೆ ಆಯುಸ್ಸು. ಗಂಟೆಗೊಮ್ಮೆ ಅರ್ಧ ನಿಮಿಷ ಉರಿಸಿದರೆ ವರ್ಷಗಟ್ಟಲೆ ಬರುತ್ತದೆ. ಟೇಬಲ್ ಮೇಲೆ ಪರೀಕ್ಷೆ ಮಾಡಲು ಎಡೆಬಿಡದೆ ಉರಿಯುವ ಮೋಡ್‌ಗೆ ಹಾಕಿ, ವಾಪಸ್ ಬದಲಿಸಲು ಮರೆತು ನೀರಿಗಿಳಿಸಿದರೆ 37 ದಿನಕ್ಕೆ ಮುಗಿಯಿತು. ಬ್ಯಾಟರಿ ಅದಕ್ಕಿಂತ ಬಹಳ ಮೊದಲೇ ಕೈ ಎತ್ತುತ್ತದೆ. ದೀಪ ಸೋಲುತ್ತಿದೆಯಾ ಅಂತ ತಿಳಿಯಲು ಡಿಐ ನೀರಿನಲ್ಲಿ ಬರುವ ಬೆಳಕಿನ ಎಣಿಕೆಯನ್ನು ಪ್ರತಿ ಸಲ ಬರೆದಿಟ್ಟುಕೊಳ್ಳಿ, ಹಳೆಯದರ ಜೊತೆ ಹೋಲಿಸಿ. ದೀಪದ ಕಡೆಗೆ ಬರಿಗಣ್ಣಿಂದ ನೋಡಬೇಡಿ, ಅದು ಕಣ್ಣು ಸುಡುವ ಬೆಳಕು.

ಸೊನ್ನೆಗಿಂತ ಕೆಳಗೆ

ಮೈನಸ್ 2, ಮೈನಸ್ 3 ಬರುತ್ತಿದ್ದರೆ ಹೆಚ್ಚಿನ ಸಲ ತಪ್ಪು ನೀರಿನದಲ್ಲ, ನೀವು ಸೊನ್ನೆ ಹಾಕಿದ ನೀರಿನದು. ಪ್ಲಾಸ್ಟಿಕ್ ಕ್ಯಾನ್‌ನಲ್ಲಿ ತಿಂಗಳುಗಟ್ಟಲೆ ಇಟ್ಟ ಡಿಸ್ಟಿಲ್ಡ್ ವಾಟರ್, ಪೆಟ್ರೋಲ್ ಬಂಕ್‌ನಲ್ಲಿ ಸಿಗುವ ಬ್ಯಾಟರಿ ನೀರು, ಇವೆಲ್ಲ ಕಣ್ಣಿಗೆ ತಿಳಿಯಾಗಿ ಕಂಡರೂ ಯುವಿಯಲ್ಲಿ ತಿಳಿಯಲ್ಲ. ಪ್ಲಾಸ್ಟಿಕ್‌ನಿಂದ ಬಿಟ್ಟ ಸಾವಯವ ವಸ್ತು ಬೆಳಕು ಹೀರುತ್ತದೆ. ಆ ನೀರನ್ನೇ ಸೊನ್ನೆ ಅಂತ ಸೆನ್ಸರ್‌ಗೆ ಕಲಿಸಿದರೆ ಆಮೇಲೆ ಒಳ್ಳೆಯ ನೀರೆಲ್ಲ ಅದಕ್ಕಿಂತ ಕೆಳಗೇ ಕಾಣುತ್ತದೆ. ಲ್ಯಾಬ್‌ನಿಂದ ಆಗ ತಾನೇ ಹಿಡಿದ, 18 ಮೆಗಾಓಮ್ ದಾಟಿದ ನೀರು ಬೇಕು. ರೆಫರೆನ್ಸ್ (ಸೊನ್ನೆ ಅಂತ ಸೆನ್ಸರ್‌ನಲ್ಲಿ ಉಳಿಸಿದ ಅಳತೆ) ಬದಲಿಸುವ ಮೊದಲು ಹಳೆಯ ರೆಫರೆನ್ಸ್‌ನಲ್ಲೇ ಡಿಐ ರೀಡಿಂಗ್ ತಗೊಂಡು ಬರೆದಿಡಿ. ಇಲ್ಲವಾದರೆ ಜಾರಿದ್ದೆಷ್ಟು ಅನ್ನುವ ಲೆಕ್ಕವೇ ಅಳಿಸಿಹೋಗುತ್ತದೆ.

ಮಳೆಗಾಲ ಬಂತು ಅಂದರೆ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಇದೇ ಜೆಟ್ಟಿಯಲ್ಲಿ ಪೂರ್ತಿ ಬೇರೆ ನದಿ. ಉಪ್ಪು ಬಹುಪಾಲು ಹೊರಗೆ ತಳ್ಳಿಸಿಕೊಳ್ಳುತ್ತದೆ, ನೀರು ಕೆಂಪಾಗುತ್ತದೆ. ಜಂಬಿಟ್ಟಿಗೆ ಮಣ್ಣು, ಅದಿರಿನ ಕಡೆಯ ಮಣ್ಣು, ಜೊತೆಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಿಂದ ಬರುವ ಚಹಾ ಬಣ್ಣದ ನೀರು. ಬ್ರೋಮೈಡ್ ತಲೆನೋವು ಹೋಯಿತು, ಬೇರೆ ಎರಡು ಬಂದವು.

ಒಂದು, ಮಣ್ಣು ಬೆಳಕನ್ನು ಚದುರಿಸುತ್ತದೆ. ಎರಡು, ಎಲೆ ಕೊಳೆತು ಬರುವ ಕರಗಿದ ಸಾವಯವ ವಸ್ತು ಯುವಿಯನ್ನು ನೇರವಾಗಿ ಹೀರುತ್ತದೆ. ಎರಡೂ ನೈಟ್ರೇಟ್‌ನಷ್ಟು ಕಡಿದಾಗಿ ಹೀರುವುದಿಲ್ಲ. ಅವುಗಳ ರೇಖೆ ಓರೆಯಾಗಿ ನಿಧಾನಕ್ಕೆ ಇಳಿಯುತ್ತದೆ, ಹಾಗಾಗಿ ಸಾಫ್ಟ್‌ವೇರ್ ಅದನ್ನು ಓರೆ ಗೆರೆಯಾಗಿ ಕಳೆದುಬಿಡುತ್ತದೆ. ಸಾಧಾರಣ ಕೆಸರಿಗೆ ಇದು ಸಾಕು. ಆದರೆ ಬೆಳಕೇ ಆಚೆ ಮುಟ್ಟದಿದ್ದರೆ ಯಾವ ಲೆಕ್ಕವೂ ಕೆಲಸ ಮಾಡುವುದಿಲ್ಲ. 254 ಮತ್ತು 350 ನ್ಯಾನೋಮೀಟರ್‌ನ ಹೀರುವಿಕೆಯ ಕಾಲಂಗಳನ್ನು ನೋಡಿ. 350ರಲ್ಲಿ ನೈಟ್ರೇಟ್ ಏನೂ ಮಾಡುವುದಿಲ್ಲ, ಅಲ್ಲಿ ಕಾಣುವುದು ಹೆಚ್ಚಾಗಿ ಕೆಸರು. ಹೀರುವಿಕೆ 1.3ರ ಹತ್ತಿರ ಹೋಯಿತು ಅಂದರೆ ಆ ರೀಡಿಂಗ್ ಬಿಟ್ಟುಬಿಡಿ, ಎಷ್ಟೇ ಚೆನ್ನಾಗಿ ಕಂಡರೂ. ಮಳೆಗಾಲಕ್ಕೆ 5 ಮಿಲಿಮೀಟರ್ ಕಿಂಡಿಯ ಸೆನ್ಸರ್ ಸಿಕ್ಕರೆ ಅದನ್ನೇ ಇಡಿ. ಸ್ವಲ್ಪ ಸೂಕ್ಷ್ಮತೆ ಹೋಗುತ್ತದೆ, ಆದರೆ ಕೆಂಪು ನೀರಲ್ಲಿ ಬದುಕುತ್ತದೆ.

ಕಿಂಡಿಯನ್ನು ಮೇಲ್ಮುಖವಾಗಿ ಇಡಬೇಡಿ. ಕೆಸರು ಕೂರುತ್ತದೆ. ಕೆಳಮುಖವಾಗಿಟ್ಟರೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಪಕ್ಕಕ್ಕೆ, ನೀರು ಕಿಂಡಿಯೊಳಗಿಂದ ಹರಿದು ಹೋಗುವ ಹಾಗೆ ಕಟ್ಟಿ. ಒಂದೇ ಒಂದು ರೀಡಿಂಗ್ ಮಾತ್ರ ಆಕಾಶಕ್ಕೆ ಹಾರಿ ವಾಪಸ್ ಬಂದರೆ ಗುಳ್ಳೆ ಅಥವಾ ಎಲೆ. ಅದಕ್ಕೇ ಒಂದು ಹೊತ್ತಿಗೆ ಹತ್ತಿಪ್ಪತ್ತು ಓದಿ ನಡುವಿನದನ್ನು ತಗೊಳ್ಳುವುದು, ಸರಾಸರಿ ಅಲ್ಲ.

ರಾತ್ರಿ ಹೊತ್ತು ಮಾತ್ರ ಡೇಟಾ ಇಲ್ಲದಿದ್ದರೆ ಕರೆಂಟ್ ನೋಡಿ. ಜುಲೈನಲ್ಲಿ ಸೋಲಾರ್ ಪ್ಯಾನೆಲ್‌ಗೆ ವಾರಗಟ್ಟಲೆ ಬಿಸಿಲಿಲ್ಲ. ಬ್ಯಾಟರಿ ಸುಮ್ನೆ ಇದ್ದಾಗ 12 ವೋಲ್ಟ್ ತೋರಿಸುತ್ತದೆ, ದೀಪ ಹೊತ್ತಿದ ಕೂಡಲೇ ಕುಸಿಯುತ್ತದೆ. ಹಾಗಾಗಿ ದೀಪ ಉರಿಯುವಾಗಲೇ, ಸೆನ್ಸರ್ ಕಡೆಯ ತುದಿಯಲ್ಲಿ ಅಳೆಯಿರಿ. ಕನೆಕ್ಟರ್ ಬಿಚ್ಚಿ, ಪಿನ್ ಮೇಲೆ ಹಸಿರು ಕಂಡರೆ ಉಪ್ಪುನೀರು ಒಳಗೆ ಹೋಗಿದೆ.

ರಾಸಾಯನಿಕದಿಂದ ಅಳೆಯುವ ಪೆಟ್ಟಿಗೆಗಳು

ಫಾಸ್ಫೇಟ್‌ಗೆ ಯುವಿ ಕೆಲಸ ಮಾಡುವುದಿಲ್ಲ. ಅದಕ್ಕೆ ನೀಲಿ ಬಣ್ಣ ಬರಿಸಬೇಕು. 1962ರ ಮರ್ಫಿ ಮತ್ತು ರೈಲಿ ವಿಧಾನವೇ ಇವತ್ತಿಗೂ ಗತಿ: ಆಮ್ಲ, ಮಾಲಿಬ್ಡೇಟ್, ಸ್ವಲ್ಪ ಆಂಟಿಮನಿ, ಆಸ್ಕಾರ್ಬಿಕ್ ಆಮ್ಲ. ಬಂದ ನೀಲಿಯನ್ನು 880 ನ್ಯಾನೋಮೀಟರ್‌ನಲ್ಲಿ ಓದುತ್ತಾರೆ. ಈಗ ಅದನ್ನೇ ಒಂದು ಡಬ್ಬದಲ್ಲಿ ಪಂಪ್, ಟ್ಯೂಬ್ ಸಮೇತ ಕೂರಿಸಿ ನೀರಿಗಿಳಿಸುತ್ತಾರೆ.

ಇಲ್ಲಿ ನಮ್ಮ ಕಡೆಯ ದೊಡ್ಡ ಶತ್ರು ಬಿಸಿ. ಆಸ್ಕಾರ್ಬಿಕ್ ಆಮ್ಲ ಅಂದರೆ ವಿಟಮಿನ್ ಸಿ, ಮೂವತ್ತು ಡಿಗ್ರಿ ನೀರಲ್ಲಿ ಬೇಗ ಕೆಡುತ್ತದೆ. ಚೀಲದ ದ್ರಾವಣ ಹಳದಿಗೆ ತಿರುಗಿದ್ದರೆ ಅದು ಮುಗಿದ ಹಾಗೆ. ಲಕ್ಷಣ ಏನೆಂದರೆ, ಸ್ಟ್ಯಾಂಡರ್ಡ್ ರೀಡಿಂಗ್ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ, ಸೊನ್ನೆ ಮಾತ್ರ ಹಾಗೇ ಇರುತ್ತದೆ. ಸೊನ್ನೆಯೇ ಮೇಲೇರಿದ್ದರೆ ಬೇರೆ ರೋಗ: ಮಾಲಿಬ್ಡಿನಂ ನೀಲಿ ಟ್ಯೂಬ್‌ನ ಗೋಡೆಗೆ, ಅಳೆಯುವ ಕೋಶಕ್ಕೆ ಅಂಟಿಕೊಂಡಿದೆ. ತೆಳು ಕಾಸ್ಟಿಕ್ ಸೋಡಾ ದ್ರಾವಣ ಹರಿಸಿ, ಆಮೇಲೆ ಡಿಐ ನೀರಲ್ಲಿ ಚೆನ್ನಾಗಿ ತೊಳೆದರೆ ಹೋಗುತ್ತದೆ. ಸೊನ್ನೆ, ಸ್ಟ್ಯಾಂಡರ್ಡ್ ಎರಡೂ ಕುಣಿಯುತ್ತಿದ್ದರೆ ಗುಳ್ಳೆ. ಎರಡೂ ಸರಿ ಇದ್ದು ನದಿಯ ರೀಡಿಂಗ್ ಮಾತ್ರ ಸತ್ತ ಹಾಗೆ ಚಪ್ಪಟೆಯಾಗಿದ್ದರೆ ಫಿಲ್ಟರ್ ಕಟ್ಟಿಕೊಂಡಿದೆ, ಪಂಪ್ ಹಳೆಯ ನೀರನ್ನೇ ಎಳೆಯುತ್ತಿದೆ.

ಅಳಿವೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸಿಹಿನೀರಿನ ದ್ರಾವಣಗಳ ಜೊತೆ ಉಪ್ಪುನೀರು ಬೆರೆಯುವಾಗ ಬೆಳಕು ಬಾಗುತ್ತದೆ, ಸಕ್ಕರೆ ಪಾಕಕ್ಕೆ ನೀರು ಹಾಕಿದಾಗ ಅಲೆಅಲೆಯಾಗಿ ಕಾಣುತ್ತದಲ್ಲ, ಹಾಗೆ. ಅದನ್ನೂ ಯಂತ್ರ ಬಣ್ಣ ಅಂತಲೇ ಓದುತ್ತದೆ. ಹಾಗಾಗಿ ಸೊನ್ನೆ ನೀರಿಗೂ ಅಷ್ಟೇ ಉಪ್ಪು ಬೆರೆಸಿ ಒಮ್ಮೆ ಪರೀಕ್ಷೆ ಮಾಡಿ, ಎಷ್ಟು ತಪ್ಪು ಬರುತ್ತದೆ ಅಂತ ಗೊತ್ತಿರಲಿ.

ನೈಟ್ರೇಟ್‌ಗೆ ಕ್ಯಾಡ್ಮಿಯಂ ಕಾಲಂ (ನೈಟ್ರೇಟ್ ಅನ್ನು ನೈಟ್ರೈಟ್ ಆಗಿ ಬದಲಿಸುವ ಕೊಳವೆ) ಇರುವ ಪೆಟ್ಟಿಗೆ ಇದ್ದರೆ, ಒಂದೇ ಸಾಂದ್ರತೆಯ ನೈಟ್ರೇಟ್ ಮತ್ತು ನೈಟ್ರೈಟ್ ಸ್ಟ್ಯಾಂಡರ್ಡ್‌ಗಳನ್ನು ಒಂದರ ಹಿಂದೆ ಒಂದು ಹರಿಸಿ. ಕಾಲಂ ಚೆನ್ನಾಗಿದ್ದರೆ ಎರಡಕ್ಕೂ ಒಂದೇ ಗುಲಾಬಿ ಬಣ್ಣ. ನೈಟ್ರೇಟ್‌ದು ನೂರಕ್ಕೆ 95ಕ್ಕಿಂತ ಕೆಳಗಿಳಿದರೆ ಕಾಲಂ ಸೋತಿದೆ, ಗಾಳಿ ಹೋಗಿರಬಹುದು, ಅಥವಾ ಗಂಧಕದ ವಾಸನೆಯ ನೀರು ಹರಿದಿರಬಹುದು. ಈ ಯಂತ್ರಗಳ ಹೊಲಸು ಚೀಲವನ್ನು ದೋಣಿಯಲ್ಲಿ ಜಾಗವಿಲ್ಲ ಅಂತ ನದಿಗೆ ಖಾಲಿ ಮಾಡುವವರನ್ನು ನೋಡಿ ಹೊಟ್ಟೆ ಉರಿಯುತ್ತದೆ. ಆಮ್ಲ, ಆಂಟಿಮನಿ, ಕ್ಯಾಡ್ಮಿಯಂ. ಹೊತ್ತು ವಾಪಸ್ ತನ್ನಿ.

ಇನ್ನು ಕಡಿಮೆ ಬೆಲೆಯ ಅಯಾನ್ ಎಲೆಕ್ಟ್ರೋಡ್‌ಗಳು. ಪುಣೆಯ ಕಡೆಯ ಸಿಹಿನೀರಿನ ಕೆರೆಯಲ್ಲಿ, ವಾರಕ್ಕೊಮ್ಮೆ ಕ್ಯಾಲಿಬ್ರೇಟ್ ಮಾಡುತ್ತಾ, ದೊಡ್ಡ ಏರಿಳಿತ ನೋಡಲು ಸಾಕು. ಅಳಿವೆಯಲ್ಲಿ ಬೇಡವೇ ಬೇಡ. ಸಮುದ್ರದ ನೀರಲ್ಲಿ ಲೀಟರ್‌ಗೆ ಸುಮಾರು 19 ಗ್ರಾಂ ಕ್ಲೋರೈಡ್ ಇದೆ, ನೈಟ್ರೇಟ್ ಎಲೆಕ್ಟ್ರೋಡ್ ಅದನ್ನೇ ನೈಟ್ರೇಟ್ ಅಂದುಕೊಳ್ಳುತ್ತದೆ. ಅಮೋನಿಯಂ ಎಲೆಕ್ಟ್ರೋಡ್‌ಗೆ ಪೊಟ್ಯಾಸಿಯಂ ಹಾಗೇ ಕಾಡುತ್ತದೆ.

ಲ್ಯಾಬ್ ಬಾಟ್ಲಿಯೂ ತಪ್ಪಬಹುದು

ಸೆನ್ಸರ್ ಒಂದು, ಲ್ಯಾಬ್ ಇನ್ನೊಂದು ಹೇಳಿದರೆ ಲ್ಯಾಬ್‌ದೇ ಸರಿ ಅಂತ ಏನಿಲ್ಲ. ಮೊದಲು ಘಟಕ ನೋಡಿ. ಲ್ಯಾಬ್ ಲೀಟರ್‌ಗೆ ಮಿಲಿಗ್ರಾಂ ನೈಟ್ರೇಟ್ ಅಂತ ಕೊಟ್ಟಿದೆಯಾ, ಮಿಲಿಗ್ರಾಂ ನೈಟ್ರೇಟ್-ನೈಟ್ರೋಜನ್ ಅಂತ ಕೊಟ್ಟಿದೆಯಾ? ಎರಡರ ನಡುವೆ 4.43 ಪಟ್ಟು ವ್ಯತ್ಯಾಸ. ಕುಡಿಯುವ ನೀರಿಗೆ ನಮ್ಮ ಭಾರತೀಯ ಮಾನಕದ ಮಿತಿ 45 ಮಿಲಿಗ್ರಾಂ ನೈಟ್ರೇಟ್. ಅದೇ ನೈಟ್ರೋಜನ್ ಲೆಕ್ಕದಲ್ಲಿ ಸುಮಾರು 10, ಮೈಕ್ರೋಮೋಲ್ ಲೆಕ್ಕದಲ್ಲಿ 726. ಫಾಸ್ಫೇಟ್ ಮತ್ತು ರಂಜಕದ ನಡುವೆ 3.07 ಪಟ್ಟು. ನಿಮ್ಮ ಎರಡು ಅಂಕಿಗಳ ಅನುಪಾತ ಎಲ್ಲಾ ದಿನವೂ ಸರಿಯಾಗಿ 4.4 ಅಥವಾ 3.1 ಬಂದರೆ ಉಪಕರಣ ಬಿಚ್ಚುವ ಅಗತ್ಯವೇ ಇಲ್ಲ.

ಆಮೇಲೆ ಬಾಟ್ಲಿ. ನೈಟ್ರಿಕ್ ಆಸಿಡ್‌ನಲ್ಲಿ ತೊಳೆದ ಬಾಟ್ಲಿಯಲ್ಲಿ ನೈಟ್ರೇಟ್ ಅಳೆಯಬೇಡಿ. ಲೋಹ ಅಳೆಯುವವರ ಬಾಟ್ಲಿ ಎರವಲು ತಂದಾಗ ಆಗುವ ತಪ್ಪು ಇದು. ಹೈಡ್ರೋಕ್ಲೋರಿಕ್ ಆಸಿಡ್ ಬಳಸಿ. ಪಾತ್ರೆ ಸೋಪು ಬೇಡ, ಕೆಲವು ಸೋಪುಗಳಲ್ಲಿ ಫಾಸ್ಫೇಟ್ ಇರುತ್ತದೆ. ಸಿಲಿಕೇಟ್ ನೋಡುವುದಾದರೆ ಗಾಜಿನ ಬಾಟ್ಲಿ ಬೇಡ. ನೀರನ್ನು ಜೆಟ್ಟಿಯಲ್ಲೇ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಕೂಡಲೇ ಐಸ್‌ನಲ್ಲಿಟ್ಟು, ಸಂಜೆಯೊಳಗೆ ಡೀಪ್ ಫ್ರೀಜರ್‌ಗೆ ಹಾಕಿ. ಸೋಸದೆ ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನವಿಡೀ ಇಟ್ಟರೆ ಒಳಗಿನ ಪಾಚಿ, ಬ್ಯಾಕ್ಟೀರಿಯಾ ತಿನ್ನುವುದನ್ನು ತಿಂದು, ಬಿಡುವುದನ್ನು ಬಿಟ್ಟಿರುತ್ತವೆ. ಮೀನು ಮಾರುವವರ ಐಸ್ ಪೆಟ್ಟಿಗೆ ಕೇಳಿ ತಂದು ಬಾಟ್ಲಿ ಇಡಬೇಡಿ. ಅಲ್ಲಿ ಕರಗಿದ ನೀರು ತುಂಬಾ ಅಮೋನಿಯಾ, ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಸಾಕು. ಅಮೋನಿಯಾ ಸ್ಯಾಂಪಲ್ ಹಿಡಿಯುವಾಗ ಪಕ್ಕದಲ್ಲಿ ಯಾರೂ ಬೀಡಿ, ಸಿಗರೇಟ್ ಹಚ್ಚದಂತೆ ನೋಡಿಕೊಳ್ಳಿ.

ರೀಡಿಂಗ್ ನಿಜವೇ ಆಗಿದ್ದರೆ

ಎಲ್ಲ ಪರೀಕ್ಷೆ ಮುಗಿದ ಮೇಲೂ ಅಂಕಿ ವಿಚಿತ್ರವಾಗಿದ್ದರೆ ಸಮುದ್ರದ ಮಾತನ್ನೂ ಕೇಳಬೇಕು. ಮಳೆಗಾಲದಲ್ಲಿ ಮತ್ತು ಅದು ಮುಗಿಯುವ ಹೊತ್ತಿಗೆ ನಮ್ಮ ಪಶ್ಚಿಮ ಕರಾವಳಿಯ ಹತ್ತಿರ ಆಮ್ಲಜನಕ ತೀರಾ ಕಡಿಮೆ ಇರುವ ತಳದ ನೀರು ಮೇಲೆ ಬರುತ್ತದೆ. ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕಾಂದೋಳಿ (ಕ್ಯಾಂಡೋಲಿಮ್) ಎದುರಿನ ಸಮುದ್ರದಲ್ಲಿ ವರ್ಷಗಳಿಂದ ಒಂದೇ ಜಾಗಕ್ಕೆ ಹೋಗಿ ಅಳೆಯುತ್ತಾ ಬಂದಿದ್ದಾರೆ. ಎಸ್.ಡಬ್ಲ್ಯೂ.ಎ. ನಖ್ವಿ ಮತ್ತು ಜೊತೆಗಾರರು 2000ರಲ್ಲಿ ಈ ವಿಷಯವನ್ನು ಜಗತ್ತಿನ ಮುಂದೆ ಇಟ್ಟರು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಲ್ಲಿ ಬ್ಯಾಕ್ಟೀರಿಯಾಗಳು ಆಮ್ಲಜನಕ ಮುಗಿದ ಮೇಲೆ ನೈಟ್ರೇಟ್ ಅನ್ನೇ ಉಸಿರಾಡುತ್ತವೆ. ನೈಟ್ರೇಟ್ ಕುಸಿಯುತ್ತದೆ, ನೈಟ್ರೈಟ್ ಕೂಡಿಕೊಳ್ಳುತ್ತದೆ, ಅದೂ ಮುಗಿದರೆ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಈ ನೈಟ್ರೈಟ್, ಸಲ್ಫೈಡ್ ಎರಡೂ ಯುವಿಯನ್ನು ಹೀರುತ್ತವೆ, ಅಂದರೆ ಸೆನ್ಸರ್‌ಗೆ ಗೊಂದಲ. ಪಕ್ಕದಲ್ಲಿ ಆಮ್ಲಜನಕದ ಸೆನ್ಸರ್ ಇದ್ದು, ಅದು ಸೊನ್ನೆಯ ಹತ್ತಿರ ಇದ್ದು, ಫಿಟ್‌ನ ದೋಷ ಏರಿದ್ದರೆ ಆ ದಿನಗಳ ನೈಟ್ರೇಟ್ ಅನ್ನು ಬಾಟ್ಲಿ ಇಲ್ಲದೆ ನಂಬಬೇಡಿ. ಎತ್ತಿದ ನೀರನ್ನು ಮೂಸಿ ನೋಡಿ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬೇಗ ಗೊತ್ತಾಗುತ್ತದೆ.

ನಮ್ಮ ಏಪ್ರಿಲ್ ಡೇಟಾ ಏನಾಯಿತು ಅಂತ ಕೇಳಿದರೆ, ಬಾರ್ನಕಲ್ ಅನ್ನು ತೆಳು ಆಮ್ಲದಲ್ಲಿ ನೆನೆಸಿ ಕರಗಿಸಿ ತೆಗೆದೆವು. ಕೊಳವೆಯನ್ನು ಕೆರೆಯಲಿಲ್ಲ, ಕೆರೆದರೆ ಕೋಶದ ಅಳತೆಯೇ ಬದಲಾಗುತ್ತದೆ. ಉಬ್ಬರದ ಲವಣಾಂಶವನ್ನು ಬಾಟ್ಲಿಗಳ ಜೊತೆ ಹೋಲಿಸಿ ದಿನದಿನಕ್ಕೆ ತಿದ್ದಿ, ಆ ಸಂಖ್ಯೆಯಿಂದ ಸ್ಪೆಕ್ಟ್ರಮ್‌ಗಳನ್ನು ಮತ್ತೆ ಓಡಿಸಿದೆವು. ಎರಡು ವಾರದ ನೈಟ್ರೇಟ್ 2–3ಕ್ಕೆ ವಾಪಸ್ ಬಂತು, ಇಳಿತದಲ್ಲಿ ಸ್ವಲ್ಪ ಏರಿ, ಉಬ್ಬರದಲ್ಲಿ ಇಳಿಯುತ್ತಾ, ನದಿ ಇರಬೇಕಾದ ಹಾಗೆ. ಮೂರನೆಯ ವಾರ ಬರಲಿಲ್ಲ. ಮೆಮೊರಿ ಉಳಿಸಲು ಆ ವಾರ ಯಾರೋ ಸೆಟ್ಟಿಂಗ್ ಬದಲಿಸಿ, ಸ್ಪೆಕ್ಟ್ರಮ್ ಬಿಟ್ಟು ನೈಟ್ರೇಟ್ ಸಂಖ್ಯೆ ಒಂದನ್ನೇ ಬರೆಯಲು ಹಾಕಿದ್ದರು. ಆ ಏಳು ದಿನ ಗ್ರಾಫ್‌ನಲ್ಲಿ ಈಗಲೂ ಖಾಲಿ ಇದೆ.